ಕಡಲ ದಾರಿಯಲ್ಲಿ ಒಂದು ದಿನ

ಕುಟುಂಬದೊಡನೆ ಒಂದು ದಿನದ ಬಿಡುವು ದೊರೆತಾಗ ದೂರದ ಊರುಗಳನ್ನೇ ಅರಸಬೇಕಾಗಿಲ್ಲ. ಕಾಪುವಿನಿಂದ ಮರವಂತೆಯವರೆಗಿನ ನಮ್ಮ ಕರಾವಳಿಯೇ ಸಾಕು. ಜನವರಿಯ ಒಂದು ಶನಿವಾರ ಧರ್ಮಕೇಂದ್ರದ ಕೆಲವು ಕುಟುಂಬಗಳೊಂದಿಗೆ ನಾನೂ ಈ ದಾರಿಯಲ್ಲಿ ಹೋಗಿಬಂದೆ.

1901ರಲ್ಲಿ ನಿರ್ಮಾಣವಾದ ಕಾಪುವಿನ ದೀಪಸ್ತಂಭದ ಬಳಿ, ಬಂಡೆಗಳಿಗೆ ಅಪ್ಪಳಿಸುವ ತೆರೆಗಳನ್ನು ನೋಡುತ್ತ ಬೆಳಗಿನ ಉಪಾಹಾರ ಮುಗಿಸಿದೆವು. ಅಲ್ಲಿಂದ ಮಲ್ಪೆಗೆ ಬಂದು, ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಅಲ್ಲಿನ ಕಂಬಗಳಂತಹ ಶಿಲೆಗಳು, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾರಸ ತಣಿದು ಉಂಟಾದವು. ಅವುಗಳೆದುರು ಮನುಷ್ಯನ ಆಯುಸ್ಸು ಎಷ್ಟರದು!

ಮರಳಿ ಬಂದಾಗ ಮಲ್ಪೆಯ ಬಂದರಿನಲ್ಲಿ ಬೋಟುಗಳಿಂದ ಮೀನು ಇಳಿಯುತ್ತಿತ್ತು. ಒಂದೆಡೆ ಬೆರಳುದ್ದದ ಮರಿಮೀನುಗಳ ರಾಶಿ. ಅದು ಊಟದ ತಟ್ಟೆಗಲ್ಲ, ಕೋಳಿ ಮತ್ತು ಸಿಗಡಿ ಸಾಕಣೆಯ ಆಹಾರಕ್ಕಾಗಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವಂಥದ್ದೆಂದು ತಿಳಿಯಿತು. “ಇವು ದೊಡ್ಡದಾಗುವವರೆಗೆ ಕಾಯಬಾರದಿತ್ತೇ, ಫಾದರ್?” ಎಂದು ನಮ್ಮೊಡನಿದ್ದ ಬಾಲಕಿಯೊಬ್ಬಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಕುಂದಾಪುರದ ಒಂದು ಪುಟ್ಟ ಹೋಟೆಲಿನಲ್ಲಿ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಿಗಡಿ ಗಸಿ, ಮರವಾಯಿ ಸುಕ್ಕ, ರವೆ ಹಚ್ಚಿ ಹುರಿದ ಕಾಣೆ ಮೀನು ಎಲ್ಲವೂ ಬಂದವು. ನನಗೋ ಬಂಗುಡೆಯ ಆಸೆ. ಕೇಳಿಯೇಬಿಟ್ಟೆ. ಬಡಿಸುತ್ತಿದ್ದ ಹಿರಿಯ ತಾಯಿ ತಲೆಯಲ್ಲಾಡಿಸಿದರು: “ಇವತ್ತ್ ಬಂಗ್ಡಿ ಇಲ್ಲೆ ಫಾದರ್. ಬಂದದ್ದೆಲ್ಲಾ ಸಣ್ಣದ್, ಹಂಗಾಗಿ ನಾ ತಕಳ್ಳಿಲ್ಲೆ. ಮರಿನೆಲ್ಲಾ ಈಗ್ಲೇ ತಿಂದ್ರೆ ಮುಂದಿನ್ ವರ್ಷ ಎಂತ ತಿಂಬುದ್?”

ಗಿರಾಕಿ ಕೇಳಿದ್ದನ್ನು ಇಲ್ಲವೆನ್ನುವುದರಿಂದ ಆಕೆಗೆ ನಷ್ಟವೇ. ಆದರೂ ಆ ಮಾತಿನಲ್ಲಿ ಅಳುಕಿರಲಿಲ್ಲ. ಲೆಸ್ಬೋಸ್ ದ್ವೀಪದ ತೀರದಲ್ಲಿ ಮೀನುಗಳ ಬದುಕನ್ನು ಅಭ್ಯಸಿಸಿದ ಅರಿಸ್ಟಾಟಲನು, ಸದ್ಗುಣವೆಂಬುದು ಅತಿಗೂ ಕೊರತೆಗೂ ನಡುವಣ ಹದವೆಂದು ಬೋಧಿಸಿದನು. ನಾನು ಸೆಮಿನರಿಯಲ್ಲಿ ಪುಸ್ತಕದಿಂದ ಕಲಿತ ಆ ಹದವನ್ನು ಈ ತಾಯಿ ಒಲೆಯ ಮುಂದೆ ಪಾಲಿಸುತ್ತಿದ್ದರು. ಊಟಕ್ಕೆ ಮುನ್ನ ನಾವು ಹೇಳಿದ ಕೃತಜ್ಞತಾ ಪ್ರಾರ್ಥನೆಯ ಅರ್ಥವೂ ನನಗೆ ಆಗಲೇ ಪೂರ್ಣವಾಗಿ ಹೊಳೆಯಿತು. ಕೊಟ್ಟದ್ದನ್ನು ಸ್ಮರಿಸುವವನು ಕೊಡುವ ಕಡಲನ್ನು ಬರಿದು ಮಾಡಲಾರನು.

ಸಂಜೆ ಮರವಂತೆ ತಲುಪಿದೆವು. ಹೆದ್ದಾರಿಯ ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ಕಡಲ ಸನಿಹಕ್ಕೆ ಬಂದ ನದಿ ಅಲ್ಲಿ ಅದನ್ನು ಸೇರದೆ ತಿರುಗಿ ಹರಿದು, ಗಂಗೊಳ್ಳಿಯ ಬಳಿ ಸಮುದ್ರವನ್ನು ಕೂಡುತ್ತದೆ. ಸೂರ್ಯ ಮುಳುಗುವವರೆಗೂ ಮಕ್ಕಳು ಮರಳಿನಿಂದ ಏಳಲಿಲ್ಲ.

ಮೀನುಗಳ ಸಂತಾನವೃದ್ಧಿಗೆಂದು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅಷ್ಟು ದಿನಗಳ ಸಂಯಮವನ್ನು ಕಾನೂನು ನೋಡಿಕೊಳ್ಳುತ್ತದೆ. ಉಳಿದ 304 ದಿನಗಳದ್ದು ಬಹುಮಟ್ಟಿಗೆ ನಮ್ಮ ಅಡುಗೆಮನೆಗೆ ಸೇರಿದ್ದು. ಮಾರುಕಟ್ಟೆಯಲ್ಲಿ ಮರಿಮೀನನ್ನು ಕಂಡಾಗ, ಅದು ಎಷ್ಟೇ ಅಗ್ಗವಾಗಿದ್ದರೂ, ‘ಇವತ್ತು ಬೇಡ’ ಎನ್ನೋಣ. ನಮ್ಮ ಮಕ್ಕಳು ತಮ್ಮ ಮಕ್ಕಳನ್ನು ಇದೇ ದಾರಿಯಲ್ಲಿ ಕರೆತಂದಾಗ ಅವರ ತಟ್ಟೆಗೂ ಒಂದು ಬಂಗುಡೆ ಬೀಳಲಿ.