ಗಂಟುಗಟ್ಟಿದ ಕುರಿರಕ್ತ

1937ರಲ್ಲಿ ಓಸ್ಲೋದ ಪ್ರಯೋಗಾಲಯವೊಂದರಲ್ಲಿ ಎರಿಕ್ ವಾಲರ್ ಎಂಬ ವೈದ್ಯ ಮಾಮೂಲಿ ರಕ್ತಪರೀಕ್ಷೆಯಲ್ಲಿ ತೊಡಗಿದ್ದ. ರೋಗಿಯ ಸೀರಂಗೆ ಕುರಿಯ ಕೆಂಪು ರಕ್ತಕಣಗಳನ್ನು ಬೆರೆಸಬೇಕು. ಆ ಕಣಗಳಿಗೆ ಮೊದಲೇ ಮೊಲದ ಪ್ರತಿಕಾಯಗಳನ್ನು ಅಂಟಿಸಿರುತ್ತಿದ್ದರು. ಕಣಗಳು ಒಡೆದರೆ ಪ್ರಣಾಳದ ತುಂಬ ತಿಳಿಗೆಂಪು. ಒಡೆಯದಿದ್ದರೆ ತಳದಲ್ಲಿ ಗಷ್ಟು. ಬರಬಹುದಾದ ಉತ್ತರ ಇವೆರಡೇ.

ಒಂದು ಪ್ರಣಾಳದಲ್ಲಿ ಎರಡೂ ಆಗಲಿಲ್ಲ. ಕಣಗಳು ಒಡೆದ ಹಾಲಿನ ಹಾಗೆ ಗಂಟುಗಂಟಾಗಿ ತೇಲುತ್ತಿದ್ದವು.

ಬೇರೆಯವರಾಗಿದ್ದರೆ ಕೈತಪ್ಪು ಎಂದುಕೊಂಡು ಅದನ್ನು ಚೆಲ್ಲಿ ಮುಂದಿನದಕ್ಕೆ ಹೋಗುತ್ತಿದ್ದರೇನೋ. ವಾಲರ್ ಸೀರಂ ಯಾರದೆಂದು ನೋಡಿದ. ಅದು ರುಮಟಾಯ್ಡ್ ಸಂಧಿವಾತದಿಂದ ಕೀಲುಗಳು ಊದಿಕೊಂಡಿದ್ದ ರೋಗಿಯದು. ಅಂಥವರದೇ ಇನ್ನಷ್ಟು ಸೀರಂ ಪರೀಕ್ಷಿಸಿದ. ಕೆಲವದರಲ್ಲಿ ಗಂಟು ಕಂಡಿತು. ಹಲವದರಲ್ಲಿ ಕಾಣದೆ ಸತಾಯಿಸಿತು. ಆದರೂ ಬಿಡಲಿಲ್ಲ. ಕಣಗಳನ್ನು ಕೂಡಿಸುವ ಯಾವುದೋ ಅಂಶ ಈ ರಕ್ತದಲ್ಲಿದೆ ಎಂದು 1940ರಲ್ಲಿ ಪ್ರಬಂಧ ಪ್ರಕಟಿಸಿದ.

ಗಳಿಗೆ ಕೆಟ್ಟದಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ನಾರ್ವೆಗೆ ನುಗ್ಗಿತು. ಕುರಿರಕ್ತದ ಗಂಟುಗಳ ಬಗ್ಗೆ ಯೋಚಿಸಲು ಯಾರಿಗೆ ಪುರುಸೊತ್ತು?

ಯುದ್ಧ ಮುಗಿಯಿತು. 1946ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಮೈಮೇಲೆ ಗುಳ್ಳೆಯೇಳಿಸುವ ಹೊಸ ಜ್ವರವೊಂದು ಕಾಣಿಸಿಕೊಂಡಿತು. ಇಲಿಗಳ ಮೈಯ ನುಸಿ ಕಚ್ಚಿ ಹರಡುವ ರಿಕೆಟ್ಸಿಯಲ್‌ಪಾಕ್ಸ್ ಅದು. ಕೊಲಂಬಿಯಾ ವಿಶ್ವವಿದ್ಯಾಲಯದ ಹ್ಯಾರಿ ರೋಸ್ ಅದರ ಪತ್ತೆಗೆ ಹಳೆಯ ಕುರಿರಕ್ತದ ಪರೀಕ್ಷೆಯನ್ನೇ ಹಿಡಿದಿದ್ದ. ಪ್ರಯೋಗಾಲಯದ ಸಹಾಯಕರೊಬ್ಬರ ಸೀರಂ ಹಾಕಿದಾಗ ಮತ್ತೆ ಅದೇ ಗಂಟು! ಆ ಸಹಾಯಕರಿಗೂ ರುಮಟಾಯ್ಡ್ ಸಂಧಿವಾತವಿತ್ತು. ಜ್ವರದ ಬೆನ್ನುಹತ್ತಿದವನಿಗೆ ಕೀಲುನೋವಿನ ಸುಳಿವು ಸಿಕ್ಕಿತು. ಚಾರ್ಲ್ಸ್ ರೇಗನ್ ಮೊದಲಾದವರ ಜೊತೆ ಸೇರಿ 1948ರಲ್ಲಿ ರೋಸ್ ಅದನ್ನು ಪ್ರಕಟಿಸಿದ. ಈ ಬಾರಿ ಜಗತ್ತು ಕಿವಿಗೊಟ್ಟಿತು. ಪರೀಕ್ಷೆಗೆ ವಾಲರ್-ರೋಸ್ ಎಂದು ಇಬ್ಬರ ಹೆಸರೂ ನಿಂತಿತು, ನ್ಯಾಯವಾದದ್ದೇ.

ಗಂಟಿನ ಗುಟ್ಟು ನಿಧಾನವಾಗಿ ಬಿಚ್ಚಿಕೊಂಡಿತು. ರೋಗಿಯ ದೇಹ ತನ್ನದೇ ಪ್ರತಿಕಾಯಗಳ ವಿರುದ್ಧ ಇನ್ನೊಂದು ಪ್ರತಿಕಾಯವನ್ನು ತಯಾರಿಸಿತ್ತು. ಮೊಲದ ಪ್ರತಿಕಾಯದ ಬಾಲವೂ ಮನುಷ್ಯನದನ್ನೇ ಹೋಲುವುದರಿಂದ ಅದು ಅಲ್ಲಿಯೂ ಹೋಗಿ ಕಚ್ಚಿಕೊಂಡು, ಹಲವು ಕಣಗಳನ್ನು ಒಟ್ಟಿಗೆ ಎಳೆದು ಕಟ್ಟುತ್ತಿತ್ತು. 1956ರಲ್ಲಿ ಸಿಂಗರ್ ಮತ್ತು ಪ್ಲಾಟ್ಜ್ ಎಂಬಿಬ್ಬರು ಸಂಶೋಧಕರು ಕುರಿಯನ್ನೂ ಮೊಲವನ್ನೂ ಬಿಟ್ಟು ಲ್ಯಾಟೆಕ್ಸ್ ಕಣಗಳಲ್ಲೇ ಕೆಲಸ ಮುಗಿಸಿದರು. ಇಂದು ಲ್ಯಾಬ್ ವರದಿಯಲ್ಲಿ ‘ಆರ್.ಎ. ಫ್ಯಾಕ್ಟರ್’ ಎಂದು ಅಚ್ಚಾಗುವುದು ಈ ಪ್ರತಿಕಾಯವೇ. ಆದರೆ ಹೆಪಟೈಟಿಸ್ ಸಿ ಇದ್ದವರಲ್ಲೂ ಆರೋಗ್ಯವಾಗಿರುವ ಕೆಲವು ವೃದ್ಧರಲ್ಲೂ ಇದು ಪಾಸಿಟಿವ್ ಬರುತ್ತದೆ. ಆದ್ದರಿಂದ ವೈದ್ಯರು ಕೀಲುಗಳನ್ನು ಮುಟ್ಟಿ ನೋಡದೆ ರೋಗದ ಹೆಸರು ಹೇಳುವುದಿಲ್ಲ.