ಶೋಧಕ ಪೊರೆಗೆ ಅಂಟುವ ಪ್ರೋಟೀನು: ಮೇಲ್ಮೈ ಮಾರ್ಪಾಡಿನ ಲಾಭ-ನಷ್ಟ

ಚೀಸ್ ತಯಾರಿಕೆಯಲ್ಲಿ ಉಳಿಯುವ ಹಾಲೊಡಕಿನ ನೀರು ಬಹುಕಾಲ ಚರಂಡಿಯ ಪಾಲಾಗುತ್ತಿತ್ತು. ಅದರಲ್ಲಿರುವ ಶೇಕಡ 0.6ರಿಂದ 0.8ರಷ್ಟು ಪ್ರೋಟೀನನ್ನು ಸಾಂದ್ರಗೊಳಿಸಿ ಪುಡಿಯಾಗಿ ಮಾರುವ ಉದ್ದಿಮೆ ಬೆಳೆದದ್ದು ಅಲ್ಟ್ರಾಫಿಲ್ಟರೇಷನ್ ಪೊರೆಗಳ ಬಲದಿಂದ. ಈ ಉದ್ದಿಮೆಯ ಲಾಭವನ್ನು ಕಬಳಿಸುವುದೂ ಅದೇ ಪ್ರೋಟೀನು. ಅದು ಪೊರೆಗೆ ಅಂಟಿದಂತೆಲ್ಲ ಶೋಧನೆ ನಿಧಾನವಾಗುತ್ತದೆ. ಸಾಮಾನ್ಯವಾಗಿ ಪ್ರತಿದಿನವೂ ಘಟಕವನ್ನು ನಿಲ್ಲಿಸಿ, ಬಿಸಿ ಕ್ಷಾರದಿಂದ ತೊಳೆಯಬೇಕಾಗುತ್ತದೆ.

ದೋಷದ ಮೂಲ ಪೊರೆಯ ಪದಾರ್ಥದಲ್ಲಿಯೇ ಇದೆ. ಸೆಲ್ಯುಲೋಸ್ ಅಸಿಟೇಟ್ ನೀರಿಗೆ ಒಲಿಯುವಂಥದು. ಅದಕ್ಕೆ ಪ್ರೋಟೀನು ಅಂಟುವುದು ಕಡಿಮೆ, ಆದರೆ ಅದು ಬಿಸಿ ಕ್ಷಾರವನ್ನು ತಾಳದು. ಪಾಲಿಈಥರ್‌ಸಲ್ಫೋನ್ ಶಾಖ, ಆಮ್ಲ, ಕ್ಷಾರಗಳೆಲ್ಲವನ್ನೂ ತಾಳುತ್ತದೆ. ಆದರೆ ನೀರಿಗೆ ಅಷ್ಟಾಗಿ ಒಲಿಯದ ಅದರ ಮೇಲ್ಮೈಗೆ ಪ್ರೋಟೀನಿನ ಅಂಥವೇ ಭಾಗಗಳು ಕಚ್ಚಿಕೊಳ್ಳುತ್ತವೆ. ಆದ್ದರಿಂದ ಗಟ್ಟಿ ಪದಾರ್ಥವನ್ನೇ ಇಟ್ಟುಕೊಂಡು ಮೇಲ್ಮೈಯನ್ನು ಮಾತ್ರ ನೀರಿಗೆ ಒಲಿಸುವ ಯತ್ನ ನಡೆದಿದೆ.

ಅಗ್ಗದ ಮಾರ್ಗವೆಂದರೆ, ಪೊರೆಯನ್ನು ಎರಕ ಹೊಯ್ಯುವಾಗಲೇ ಪಾಲಿವಿನೈಲ್‌ಪಿರೊಲಿಡೋನ್ ಬೆರೆಸುವುದು. ಕ್ಲೋರಿನ್ ಬೆರೆತ ತೊಳೆಯುವ ದ್ರಾವಣವು ಈ ಬೆರಕೆಯನ್ನು ಕ್ರಮೇಣ ಒಡೆದು ಹೊರಹಾಕುತ್ತದೆ. ಗ್ರಾಹಕನು ಹಣ ಕೊಟ್ಟು ಕೊಂಡ ಗುಣವನ್ನು ತಾನೇ ತೊಳೆದು ಕಳೆದಂತಾಗುತ್ತದೆ! ನೇರಳಾತೀತ ಕಿರಣ ಅಥವಾ ಪ್ಲಾಸ್ಮಾದಿಂದ ಮೇಲ್ಮೈಯನ್ನು ಚುರುಕುಗೊಳಿಸಿ ಪಾಲಿಮರ್ ಎಳೆಗಳನ್ನು ಕಸಿ ಮಾಡುವುದು ಇನ್ನೊಂದು ವಿಧಾನ. ಇಲ್ಲಿ ಬಂಧ ಗಟ್ಟಿ, ಆದರೆ ಕಸಿ ದಟ್ಟವಾದರೆ ರಂಧ್ರಗಳು ಕಿರಿದಾಗಿ ಮೊದಲ ದಿನವೇ ಹರಿವು ತಗ್ಗುತ್ತದೆ. ಧನ ಮತ್ತು ಋಣ ಎರಡೂ ವಿದ್ಯುದಾವೇಶಗಳುಳ್ಳ ಜ್ವಿಟರ್‌ಅಯಾನಿಕ್ ಎಳೆಗಳು ನೀರಿನ ಪದರವೊಂದನ್ನು ಬಿಗಿಯಾಗಿ ಹಿಡಿದಿಟ್ಟು ಪ್ರೋಟೀನನ್ನು ದೂರವಿಡುತ್ತವೆ. ಕರ್ನಾಟಕದಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿಯೂ ಪಾಲಿಸಲ್ಫೋನ್ ಪೊರೆಗಳ ಮಾರ್ಪಾಡಿನ ಬಗ್ಗೆ ಸಂಶೋಧನೆ ನಡೆದಿದೆ.

ಪೊರೆ ಕೊಳ್ಳುವ ಉದ್ಯಮಿಗಳು ಒಂದು ವಿಷಯವನ್ನು ಗಮನಿಸಬೇಕು. ಮಾರಾಟದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಶುದ್ಧ ನೀರಿನ ಹರಿವಿನ ಅಂಕಿ. ಅದರಿಂದ ವ್ಯಾಪಾರ ನಿರ್ಧರಿಸಲಾಗದು. ಹಲವು ಬಾರಿ ತೊಳೆದ ಮೇಲೆ ಮೂಲ ಹರಿವಿನಲ್ಲಿ ಎಷ್ಟು ಮರಳಿ ಬರುತ್ತದೆ, ಎಷ್ಟು ಕ್ಲೋರಿನ್ನನ್ನು ಎಷ್ಟು ಗಂಟೆ ತಾಳುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಲೇಸು. ಪ್ರಯೋಗಾಲಯದ ವರದಿಗಳನ್ನೂ ಎಚ್ಚರದಿಂದ ಓದಬೇಕು. ಅಲ್ಲಿ ಬಹಳಷ್ಟು ಪರೀಕ್ಷೆಗಳು ನಡೆಯುವುದು ದನದ ರಕ್ತದ ಆಲ್ಬುಮಿನ್ನಿನ ಶುಭ್ರ ದ್ರಾವಣದಲ್ಲಿ. ಹಾಲೊಡಕಿನಲ್ಲಿ ಪ್ರೋಟೀನಿನ ಜೊತೆಗೆ ಕೊಬ್ಬಿನ ಅಂಶವೂ, ಪ್ರೋಟೀನನ್ನು ಪೊರೆಗೆ ಬೆಸೆಯುವ ಕ್ಯಾಲ್ಸಿಯಂ ಕೂಡ ಇರುತ್ತವೆ. ತಮ್ಮದೇ ಘಟಕದ ಹಾಲೊಡಕನ್ನು ಚಿಕ್ಕ ಮಾದರಿ ಯಂತ್ರದಲ್ಲಿ ಕೆಲವು ವಾರ ಹಾಯಿಸಿ, ಪ್ರತಿ ತೊಳೆತದ ನಂತರ ಹರಿವನ್ನು ಬರೆದಿಟ್ಟುಕೊಂಡ ಬಳಿಕವೇ ಪೂರ್ಣ ಘಟಕಕ್ಕೆ ಆದೇಶ ನೀಡುವುದು ಸೂಕ್ತ.