ಧ್ವನಿ ಎಲ್ಲಿಯವರೆಗೆ ತಲುಪಿತು?

ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ಒಂದು ಅಭ್ಯಾಸವಿರುತ್ತದೆ. ಚರ್ಚೆಯ ನಡುವೆ ಅತಿಥಿಯೊಬ್ಬರ ಧ್ವನಿ ನಿಂತುಹೋದರೆ ‘ಏನಾಯಿತು?’ ಎಂದು ಯಾರೂ ಕೇಳುವುದಿಲ್ಲ. ‘ಎಲ್ಲಿಯವರೆಗೆ ಬರುತ್ತಿದೆ?’ ಎಂದು ಕೇಳುತ್ತಾರೆ. ಮೈಕಿನಲ್ಲಿ ಇದೆಯೇ, ಕೇಬಲ್ ದಾಟಿದೆಯೇ, ಮಿಕ್ಸರಿಗೆ ಬಂದಿದೆಯೇ ಎಂದು ಒಂದೊಂದೇ ಹೆಜ್ಜೆ ನೋಡುತ್ತಾರೆ. ಧ್ವನಿ ಇರುವ ಒಂದು ಜಾಗ, ಇಲ್ಲದ ಒಂದು ಜಾಗ ಗೊತ್ತಾದರೆ ಸಾಕು. ದೋಷ ಅವೆರಡರ ನಡುವೆಯೇ ಇರಬೇಕು.

ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನಾನು ನಮ್ಮ ಮನೆಯಲ್ಲೇ ಈ ಪಾಠವನ್ನು ಮರೆತೆ. ಆ ಕಥೆಯ ಜೊತೆಗೇ ವಿಷಯವನ್ನೂ ಹೇಳುತ್ತೇನೆ.

ನನ್ನ ಅಕ್ಕ ಸಾಗರದಲ್ಲಿದ್ದಾಳೆ. ಕಣ್ಣಿನ ತೊಂದರೆಯಿಂದ ಓದುವುದು ನಿಂತುಹೋಗಿದೆ. ಹಾಗಾಗಿ ಪ್ರತಿ ಭಾನುವಾರ ಸಂಜೆ ನಾವು ಮೂರು ಮನೆಯವರು ಸರದಿಯಂತೆ ಒಂದು ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ. ಉಳಿದವರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಕೇಳುತ್ತಾರೆ. ಇದಕ್ಕೆ ಬಳಸುವುದು ‘ಮಂಬಲ್’ ಎಂಬ ಉಚಿತ ತಂತ್ರಾಂಶ. 2005ರಿಂದ ಬಳಕೆಯಲ್ಲಿದೆ. ಇದರಲ್ಲಿ ಎರಡು ಭಾಗ. ಎಲ್ಲರ ಧ್ವನಿಯನ್ನು ಪಡೆದು ಎಲ್ಲರಿಗೂ ಹಂಚುವ ಸರ್ವರ್ ಒಂದು; ಮಾತಾಡುವವರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಕ್ಲೈಂಟ್ ಇನ್ನೊಂದು. ಸರ್ವರನ್ನು ನಾವೇ ನಡೆಸಬಹುದು. ನಮ್ಮದು ಬೆಂಗಳೂರಿನ ನಮ್ಮ ಮನೆಯ ಮೂಲೆಯಲ್ಲಿರುವ ಒಂದು ಹಳೆಯ ಕಂಪ್ಯೂಟರ್.

ಒಂದು ಭಾನುವಾರ ಅಕ್ಕನ ಫೋನು ಸರ್ವರಿಗೆ ಸೇರಲೇ ಇಲ್ಲ. ಮೂರನೆಯ ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದರು. ನನ್ನ ಫೋನು ಮಾತ್ರ ಒಂದೇ ಕ್ಷಣದಲ್ಲಿ ಸೇರಿಕೊಂಡಿತು. ‘ನಮ್ಮಲ್ಲಿ ಸರಿಯಾಗಿದೆ, ನಿನ್ನ ಫೋನಿನಲ್ಲೇ ಏನೋ ಇದೆ’ ಎಂದೆ. ಭಾವನಿಗೆ ಹೇಳಿ ತಂತ್ರಾಂಶವನ್ನು ತೆಗೆಸಿ ಮತ್ತೆ ಹಾಕಿಸಿದೆ. ಆಗಲೂ ಇಲ್ಲ. ‘ನಿಮಗೆಲ್ಲ ಪುರುಸೊತ್ತಿರೋದಿಲ್ಲ, ಇರಲಿ ಬಿಡು’ ಎಂದು ಅಕ್ಕ ಮಾತು ಮುಗಿಸಿದಳು.

ಒಳಗಿನಿಂದ ಹೊರಕ್ಕೆ

ನಾನು ಮಾಡಬೇಕಿದ್ದದ್ದು ಬೇರೆ. ಸರ್ವರ್ ಇರುವ ಜಾಗದಿಂದ ಆರಂಭಿಸಿ ಹೊರಕ್ಕೆ ಹೆಜ್ಜೆ ಇಡಬೇಕಿತ್ತು.

ಮೊದಲ ಹೆಜ್ಜೆ, ಸರ್ವರ್ ಇರುವ ಕಂಪ್ಯೂಟರಿನಲ್ಲೇ ಕ್ಲೈಂಟ್ ತೆರೆದು 127.0.0.1 ಎಂಬ ವಿಳಾಸಕ್ಕೆ ಸೇರಿ ನೋಡುವುದು. ಪ್ರತಿ ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ ಇದು. ಇಲ್ಲೇ ಸೇರದಿದ್ದರೆ ಸರ್ವರ್ ಕೆಲಸ ಮಾಡುತ್ತಿಲ್ಲ ಅಥವಾ ಬೇರೆ ಪೋರ್ಟಿನಲ್ಲಿ ಕುಳಿತಿದೆ ಎಂದು ಅರ್ಥ. ಪೋರ್ಟ್ ಎಂದರೆ ಒಂದೇ ಕಟ್ಟಡದೊಳಗಿನ ಕೋಣೆಯ ಸಂಖ್ಯೆಯಂತೆ. ಮಂಬಲ್ ಸರ್ವರಿನ ರೂಢಿಯ ಸಂಖ್ಯೆ 64738.

ಎರಡನೆಯದು, ಮನೆಯ ಇನ್ನೊಂದು ಸಾಧನದಿಂದ, ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಒಳವಿಳಾಸಕ್ಕೆ ಸೇರುವುದು. ಮೊದಲ ಹೆಜ್ಜೆ ಗೆದ್ದು ಇದು ಸೋತರೆ ಸರ್ವರ್ ಕಂಪ್ಯೂಟರಿನ ಫೈರ್‌ವಾಲನ್ನು ನೋಡಬೇಕು. ಫೋನು ವೈಫೈನ ಅತಿಥಿ ಜಾಲದಲ್ಲಿದ್ದರೂ ಹೀಗಾಗಬಹುದು.

ಮೂರನೆಯದು, ನಿಜವಾಗಿಯೂ ಹೊರಗಿನಿಂದ ಸೇರುವುದು. ಇದಕ್ಕೆ ಬೀದಿಗೆ ಹೋಗಬೇಕಾಗಿಲ್ಲ. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾ ಹಾಕಿದರೆ ಸಾಕು. ನಾನು ತಪ್ಪಿದ್ದು ಇಲ್ಲಿ. ನನ್ನ ಫೋನು ಮನೆಯ ವೈಫೈನಲ್ಲಿ ಒಳವಿಳಾಸಕ್ಕೆ ಸೇರುತ್ತಿತ್ತು. ಒಳಮನೆಯಲ್ಲಿ ನಿಂತು ‘ಬಾಗಿಲು ತೆರೆದೇ ಇದೆ’ ಎಂದಂತಾಯಿತು. ಅಕ್ಕ ನಿಂತಿದ್ದದ್ದು ಗೇಟಿನ ಹೊರಗೆ.

ಗೇಟಿನಲ್ಲಿ ಏನಾಗುತ್ತದೆ?

ಮನೆಯ ಎಲ್ಲ ಸಾಧನಗಳಿಗೂ ಹೊರಜಗತ್ತಿನಲ್ಲಿ ಇರುವುದು ಒಂದೇ ವಿಳಾಸ, ಅದು ರೌಟರಿನದು. ಹೊರಗಿನಿಂದ ಬಂದ ಕರೆಯನ್ನು ಯಾರಿಗೆ ಕೊಡಬೇಕೆಂದು ರೌಟರಿಗೆ ತಾನಾಗಿ ತಿಳಿಯದು. ‘64738ಕ್ಕೆ ಬಂದದ್ದನ್ನು ಈ ಒಳವಿಳಾಸಕ್ಕೆ ಕಳಿಸು’ ಎಂದು ನಾವು ಬರೆದಿಡಬೇಕು. ಇದೇ ಪೋರ್ಟ್ ಫಾರ್ವರ್ಡಿಂಗ್. ವಿದ್ಯುತ್ ಹೋಗಿ ಬಂದಾಗ ಸರ್ವರಿಗೆ ಬೇರೆ ಒಳವಿಳಾಸ ಸಿಕ್ಕಿದರೆ ಈ ಬರಹ ಹಳೆಯ ಮನೆಯ ನಂಬರಿನಂತೆ ವ್ಯರ್ಥವಾಗುತ್ತದೆ. ಆದ್ದರಿಂದ ಸರ್ವರಿಗೆ ಒಂದೇ ಒಳವಿಳಾಸ ಕಾಯಂ ಆಗಿರುವಂತೆ ರೌಟರಿನಲ್ಲಿ ಗೊತ್ತುಮಾಡಿಡಬೇಕು.

ಆಮೇಲೆ ರೌಟರಿನ ಪುಟ ತೋರಿಸುವ ಹೊರವಿಳಾಸವನ್ನೂ, ನಮ್ಮ ವಿಳಾಸವನ್ನು ತೋರಿಸುವ ಯಾವುದಾದರೂ ಜಾಲತಾಣ ಕೊಡುವ ವಿಳಾಸವನ್ನೂ ಹೋಲಿಸಬೇಕು. ಎರಡೂ ಒಂದೇ ಆಗಿದ್ದು, ಗೆಳೆಯರ ಬಳಿ ಇರುವುದು ಹಳೆಯ ವಿಳಾಸವಾಗಿದ್ದರೆ ಹೊಸದನ್ನು ಕೊಟ್ಟರಾಯಿತು. ಎರಡೂ ಬೇರೆಯಾಗಿದ್ದರೆ, ಅದರಲ್ಲೂ ರೌಟರಿನದು 100.64ರಿಂದ 100.127ರ ಒಳಗೆ ಆರಂಭವಾಗುತ್ತಿದ್ದರೆ, ನಮ್ಮ ಗೇಟಿನ ಆಚೆ ಇನ್ನೊಂದು ಗೇಟಿದೆ ಎಂದು ತಿಳಿಯಬೇಕು.

ಅದಕ್ಕೊಂದು ಕಾರಣವಿದೆ. ಇಂಟರ್‌ನೆಟ್ಟಿನ ಹಳೆಯ ಪದ್ಧತಿಯಲ್ಲಿ ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಹಂಚಲು ಇಟ್ಟಿದ್ದ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿಯಿತು. ಹೀಗಾಗಿ ಎಷ್ಟೋ ಸಂಸ್ಥೆಗಳು ಅನೇಕ ಮನೆಗಳಿಗೆ ಸೇರಿಸಿ ಒಂದೇ ಹೊರವಿಳಾಸ ಕೊಡುತ್ತವೆ. ನಡುವಿನ ಈ ಬಳಕೆಗೆಂದೇ 2012ರಲ್ಲಿ ಮೇಲಿನ ಸಂಖ್ಯೆಗಳನ್ನು ಮೀಸಲಿಡಲಾಯಿತು. ಈ ವ್ಯವಸ್ಥೆಯಲ್ಲಿ ನಾವು ಹೊರಗೆ ಹೋಗಲು ತೊಂದರೆಯಿಲ್ಲ. ಹೊರಗಿನವರು ನಮ್ಮ ಮನೆಗೆ ಬರಲಾರರು.

ನಮ್ಮ ಮನೆಯಲ್ಲಿ ಆಗಿದ್ದು ಇದೇ. ಇಂಟರ್‌ನೆಟ್ ಕೊಡುವವರು ಆ ವಾರ ನಮ್ಮ ವಿಳಾಸವನ್ನು ಹೀಗೆ ಬದಲಿಸಿದ್ದರು. ಕೇಳಿಕೊಂಡ ಮೇಲೆ, ಸ್ವಲ್ಪ ಹೆಚ್ಚಿನ ಶುಲ್ಕಕ್ಕೆ ಸ್ವಂತ ಹೊರವಿಳಾಸ ಕೊಟ್ಟರು. ಹಾಗೆ ಸಿಗದಿದ್ದರೆ ಸರ್ವರನ್ನು ಬಾಡಿಗೆಯ ಚಿಕ್ಕ ಯಂತ್ರವೊಂದಕ್ಕೆ ಸಾಗಿಸಬಹುದು. ಎರಡೂ ಕಡೆ ಐಪಿವಿ6 ಎಂಬ ಹೊಸ ಪದ್ಧತಿಯ ವಿಳಾಸವಿದ್ದರೆ ಅದರ ಮೂಲಕವೂ ಸೇರಬಹುದು. ಆಗಲೂ ರೌಟರಿನ ಫೈರ್‌ವಾಲಿನಲ್ಲಿ ದಾರಿ ಬಿಡಬೇಕು.

ಸಂದೇಶ ಏನು ಹೇಳುತ್ತದೆ?

ಸೇರಲಾಗದಿದ್ದಾಗ ಪರದೆಯ ಮೇಲೆ ಬರುವ ಸಾಲನ್ನು ಅವಸರದಲ್ಲಿ ಮುಚ್ಚಬೇಡಿ. ಅರ್ಧ ಉತ್ತರ ಅದರಲ್ಲೇ ಇರುತ್ತದೆ. ‘ಹೋಸ್ಟ್ ನಾಟ್ ಫೌಂಡ್’ ಎಂದರೆ ಕೊಟ್ಟ ಹೆಸರಿಗೆ ವಿಳಾಸವೇ ಸಿಗಲಿಲ್ಲ. ‘ರೆಫ್ಯೂಸ್ಡ್’ ಎಂದರೆ, ಸಾಮಾನ್ಯವಾಗಿ, ಕರೆ ಒಂದು ಯಂತ್ರವನ್ನು ಮುಟ್ಟಿದೆ, ಆ ಕೋಣೆಯಲ್ಲಿ ಯಾರೂ ಇಲ್ಲ. ‘ಟೈಮ್ಡ್ ಔಟ್’ ಎಂದರೆ ಕರೆಗೆ ಉತ್ತರವೇ ಬರಲಿಲ್ಲ. ದಾರಿಯಲ್ಲಿ ಎಲ್ಲೋ ತಡೆಯಿದೆ. ಅಕ್ಕನ ಫೋನು ಆ ಸಂಜೆ ಹೇಳಿದ್ದು ಈ ಕೊನೆಯದನ್ನೇ. ಫೋನಿನ ತಂತ್ರಾಂಶ ಕೆಟ್ಟಿದೆ ಎಂದು ಅದು ಎಲ್ಲೂ ಹೇಳಿರಲಿಲ್ಲ.

ದಾರಿ ತೆರೆದ ಮೇಲೆ ಬೇರೊಂದು ಸಂದೇಶ ಬಂತು: ಈ ಹೆಸರಿನ ಪ್ರಮಾಣಪತ್ರ ಅಥವಾ ಪಾಸ್‌ವರ್ಡ್ ಸರಿಯಿಲ್ಲ. ಮಂಬಲ್ ತನ್ನಲ್ಲಿ ನೋಂದಾಯಿಸಿದವರನ್ನು ಗುರುತಿಸುವುದು ಅವರ ಸಾಧನದಲ್ಲಿರುವ ಒಂದು ಡಿಜಿಟಲ್ ಪ್ರಮಾಣಪತ್ರದಿಂದ. ನಾನು ತಂತ್ರಾಂಶವನ್ನು ತೆಗೆಸಿದಾಗ ಅದೂ ಅಳಿಸಿಹೋಗಿತ್ತು. ಇಲ್ಲದ ದೋಷಕ್ಕೆ ಮದ್ದು ಮಾಡಲು ಹೋಗಿ ಇನ್ನೊಂದು ದೋಷವನ್ನು ನಾನೇ ಹುಟ್ಟಿಸಿದ್ದೆ. ಸರ್ವರಿನಲ್ಲಿ ಅಕ್ಕನ ಹಳೆಯ ನೋಂದಣಿ ತೆಗೆದು ಹೊಸದಾಗಿ ನೋಂದಾಯಿಸಿದೆ. ಪ್ರಮಾಣಪತ್ರದ ಒಂದು ಪ್ರತಿಯನ್ನು ಮೊದಲೇ ತೆಗೆದಿಟ್ಟಿದ್ದರೆ ಇಷ್ಟೂ ಬೇಕಿರಲಿಲ್ಲ.

ಸೇರಿದರೂ ಧ್ವನಿ ಕಡಿದು ಬಂದರೆ

ಕೆಲವರಿಗೆ ಸೇರುವುದು ಸುಲಭ, ಮಾತು ಮಾತ್ರ ತುಂಡುತುಂಡು. ಇದಕ್ಕೆ ಕಾರಣ, ಮಂಬಲ್ ಒಂದೇ ಸಂಖ್ಯೆಯ ಮೇಲೆ ಎರಡು ಬಗೆಯ ಸಾಗಣೆಯನ್ನು ಬಳಸುತ್ತದೆ. ಟಿಸಿಪಿ ಎಂಬುದು ರಿಜಿಸ್ಟರ್ಡ್ ಅಂಚೆಯಂತೆ. ಪ್ರತಿಯೊಂದೂ ತಲುಪಿದ್ದು ಖಾತ್ರಿಯಾಗಬೇಕು, ಕಳೆದರೆ ಮತ್ತೆ ಕಳಿಸಬೇಕು. ಯುಡಿಪಿ ಎಂಬುದು ನೇರ ಪ್ರಸಾರದಂತೆ. ಒಂದು ಚೂರು ಕಳೆದರೆ ಹೋಯಿತು, ಮುಂದಿನದು ಹೊತ್ತಿಗೆ ಸರಿಯಾಗಿ ಬರಬೇಕು. ಹೆಸರು, ಪಾಸ್‌ವರ್ಡ್ ಮೊದಲಾದವು ಟಿಸಿಪಿಯಲ್ಲಿ ಹೋಗುತ್ತವೆ, ಧ್ವನಿ ಯುಡಿಪಿಯಲ್ಲಿ. ಯುಡಿಪಿ ದಾರಿ ಮುಚ್ಚಿದ್ದರೆ ಧ್ವನಿಯೂ ಟಿಸಿಪಿಯಲ್ಲೇ ಸಾಗುತ್ತದೆ; ಆಗ ಕಳೆದ ಒಂದು ಚೂರಿಗಾಗಿ ಹಿಂದಿನದೆಲ್ಲ ಕಾಯಬೇಕು. ಒಂದು ಬದಿಗೆ ತಲುಪುವ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಸಂಭಾಷಣೆ ಸಹಜವಾಗಿರುತ್ತದೆಂಬುದು ದೂರಸಂಪರ್ಕದ ಅಂತರರಾಷ್ಟ್ರೀಯ ಶಿಫಾರಸು. ಆದ್ದರಿಂದ ಫೈರ್‌ವಾಲಿನಲ್ಲಿಯೂ ರೌಟರಿನಲ್ಲಿಯೂ 64738ನ್ನು ಎರಡೂ ಬಗೆಗೆ ತೆರೆಯಬೇಕು. ಒಂದನ್ನೇ ತೆರೆದು ಇನ್ನೊಂದನ್ನು ಮರೆಯುವುದು ತೀರ ಸಾಮಾನ್ಯ.

ಒಂದು ಎಚ್ಚರಿಕೆ. ಪರೀಕ್ಷೆಗೆಂದು ಫೈರ್‌ವಾಲನ್ನು ಪೂರ್ತಿ ಆರಿಸಿ ಹಾಗೆಯೇ ಬಿಡಬಾರದು. ಬೇಕಾದ ಒಂದು ಸಂಖ್ಯೆಯನ್ನು ಮಾತ್ರ ತೆರೆಯಿರಿ, ಸರ್ವರಿಗೆ ಪಾಸ್‌ವರ್ಡ್ ಇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ.

ಎರಡು ವಾರದ ನಂತರ ಅಕ್ಕ ಮತ್ತೆ ಸೇರಿದಳು. ‘ತಪ್ಪು ನಮ್ಮ ಕಡೆಯದು, ನಿನ್ನ ಫೋನಿನದಲ್ಲ’ ಎಂದೆ. ‘ನನಗೆ ಕೈಯಲ್ಲಿ ಏನೋ ಒತ್ತಿಹೋಯ್ತೇನೋ ಅಂತ ಹದಿನೈದು ದಿನ ಅದನ್ನ ಮುಟ್ಟಲಿಲ್ಲ’ ಎಂದಳು. ಪರದೆ ಕಾಣದವರಿಗೆ, ಯಂತ್ರದ ಪರಿಚಯ ಕಡಿಮೆ ಇರುವವರಿಗೆ, ನಾವು ಅವಸರದಲ್ಲಿ ಹೇಳುವ ‘ನಮ್ಮಲ್ಲಿ ಸರಿಯಾಗಿದೆ’ ಎಂಬ ಮಾತು ಎಷ್ಟು ಭಾರವಾಗಬಹುದೆಂದು ಆಗ ತಿಳಿಯಿತು. ಈಗ ಭಾನುವಾರ ಆರೂಮುಕ್ಕಾಲಿಗೆ ನನ್ನ ಫೋನಿನ ವೈಫೈ ಆರಿಸಿ, ಹೊರಗಿನಿಂದ ಒಮ್ಮೆ ಸೇರಿ ನೋಡುತ್ತೇನೆ. ಏಳಕ್ಕೆ ಓದು ಆರಂಭ.